ಛತ್ರಿ ತಾತನನ್ನು ನಂಬಿ ಕಣಕ್ಕಿಳಿದದ್ದು

ಅತ್ತೆಯನ್ನು ನಮ್ಮ ಮನೆಗೆ ಕರೆತರುವ ಸಲುವಾಗಿ ನಾನು ಒಬ್ಬ ಮುದುಕನನ್ನು ನಂಬಿದೆ. ಆ ಮುದುಕ ಇರುವುದು ಟಿವಿಯೊಳಗೆ. ಕೈಯಲ್ಲೊಂದು ಛತ್ರಿ, ಎದೆಮಟ್ಟ ಇಳಿದ ಬಿಳಿ ಗಡ್ಡ, ನಡೆದರೆ ಮೊಣಕಾಲು ನೋವಿನವರ ನಡಿಗೆ. ಇಷ್ಟು ನೋಡಿಯೂ ನನಗೆ ಅನುಮಾನ ಬರಲಿಲ್ಲ. ನನ್ನ ಧೈರ್ಯ ಯಾವಾಗಲೂ ವಿಷಯ ಗೊತ್ತಾಗುವ ಮೊದಲೇ ಬಂದು ಕೂತಿರುತ್ತದೆ.

ನಾನು ಸಿಂಧನೂರಿನಲ್ಲಿ ಗದ್ದೆಗೆ ಔಷಧಿ ಹೊಡೆಯುವ ಪಂಪುಗಳ ಅಂಗಡಿ ಇಟ್ಟವನು. ಹೆಸರು ಚನ್ನಬಸವ, ಕರೆಯುವವರೆಲ್ಲ ಬಸಣ್ಣ ಅನ್ನುತ್ತಾರೆ. ಅತ್ತೆ ಸಂಗಮ್ಮನವರು ಮಸ್ಕಿಯಲ್ಲಿದ್ದಾರೆ. ಅಲ್ಲಿನ ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುತ್ತಾರೆ. ಕೈಯಲ್ಲಿ ಹಿಟ್ಟು ಇಲ್ಲದೆ ಅವರನ್ನು ನೋಡಿದ ನೆನಪು ನನಗೆ ಕಡಿಮೆ. ಹೋದ ಮಳೆಗಾಲದಲ್ಲಿ ಅವರ ಮನೆಯ ಮಣ್ಣಿನ ಮಾಳಿಗೆ ಸೋರಿ ಸೋರಿ ಹಿಟ್ಟಿನ ಡಬ್ಬಿಯನ್ನೂ ಬಿಡಲಿಲ್ಲ. ಕೊನೆಗೆ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸುವುದೆಂದು ತೀರ್ಮಾನವಾಯಿತು. ಕೆಲಸ ಮುಗಿಯುವ ತನಕ ಅತ್ತೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರ ಮನೆಯಲ್ಲಿ ಇರಬೇಕು.

ಒಬ್ಬಳು ಸಿಂಧನೂರಿನಲ್ಲಿರುವ ನನ್ನ ಹೆಂಡತಿ ಗಿರಿಜಾ. ಇನ್ನೊಬ್ಬರು ಲಿಂಗಸುಗೂರಿನಲ್ಲಿರುವ ಅವಳ ಅಕ್ಕ ಸುಮಂಗಲಾ. ಮಸ್ಕಿ ಎರಡೂ ಊರಿನ ನಡುವೆ ಒಂದೇ ರಸ್ತೆಯ ಮೇಲಿರುವುದರಿಂದ ದೂರ ಎಂದು ನೆಪ ಹೇಳಲು ಯಾರಿಗೂ ಬರುವುದಿಲ್ಲ. ಬೇರೆಯವರ ಮನೆಗಳಲ್ಲಿ ಇಂಥ ಸಂದರ್ಭದಲ್ಲಿ ಅಳಿಯಂದಿರು ಮುಖ ಮರೆಸಿಕೊಂಡು ಓಡಾಡುತ್ತಾರೆ ಎಂದು ಕೇಳಿದ್ದೇನೆ. ನಮ್ಮಲ್ಲಿ ನಡೆದದ್ದು ಉಲ್ಟಾ. ಇಬ್ಬರಿಗೂ ಅತ್ತೆ ಬೇಕು.

ರೊಟ್ಟಿಯ ಆಸೆಗೆ ಎಂದು ಜನ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ನಾನು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು. ಮದುವೆಯಾದ ಹೊಸದರಲ್ಲಿ ನನಗೆ ಟೈಫಾಯಿಡ್ ಆದಾಗ ಅತ್ತೆ ಮಸ್ಕಿಯಿಂದ ಬಂದು, ನಾನು ಗಂಜಿ ಬೇಡವೆಂದಾಗಲೆಲ್ಲ ಗದರಿಸಿ ಕುಡಿಸಿದರು. ಹಾಗೆ ಗದರಿಸಿಕೊಂಡು ನನಗೆ ರೂಢಿಯಿರಲಿಲ್ಲ. ಬಹಳ ಇಷ್ಟವಾಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ರೊಟ್ಟಿ ಎಂದೇ ಹೇಳುತ್ತಿದ್ದೆ.

ನನ್ನ ಷಡ್ಡಕ, ಅಂದರೆ ಸುಮಂಗಲಾ ಅಕ್ಕನ ಗಂಡ ವೀರೇಶಣ್ಣ, ಹಟ್ಟಿಯ ಗಣಿಗೆ ಪಾಳಿ ಕೆಲಸಕ್ಕೆ ಹೋಗುವ ಗಟ್ಟಿ ಆಳು. ಮಕ್ಕಳಿಗೆಂದು ಟಿವಿಗೆ ಹಚ್ಚುವ ಆಟದ ಮಷೀನು ತಂದಿದ್ದ. ಅದರ ರಿಮೋಟು ಮಕ್ಕಳ ಕೈಯಲ್ಲಿ ಇದ್ದದ್ದನ್ನು ಮಾತ್ರ ಯಾರೂ ನೋಡಿಲ್ಲ. ಇಬ್ಬರು ಎದುರುಬದುರು ನಿಂತು ಬಡಿದಾಡುವ ಆಟ. ಒಬ್ಬೊಬ್ಬರೂ ತಮಗೆ ಬೇಕಾದ ಆಳನ್ನು ಆರಿಸಿಕೊಳ್ಳಬೇಕು. ವೀರೇಶಣ್ಣನ ಆಳು ಯಾವಾಗಲೂ ಒಬ್ಬನೇ: ಕೋಣೆಯ ಬಾಗಿಲಷ್ಟು ಅಗಲದ ಎದೆ, ಮುಷ್ಟಿಯಲ್ಲಿ ಬೆಂಕಿ. ಮನೆಯವರೆಲ್ಲ ಅವನಿಗೆ ಬೆಂಕಿ ಗೂಳಿ ಎಂದು ಹೆಸರಿಟ್ಟಿದ್ದರು.

ಅತ್ತೆಯ ವಿಷಯ ಬಗೆಹರಿಸಲು ಒಂದು ಭಾನುವಾರ ಎಲ್ಲರೂ ಲಿಂಗಸುಗೂರಿನಲ್ಲಿ ಸೇರಿದೆವು. ನಮ್ಮ ಮನೆಯಲ್ಲಿ ಗಾಳಿ ಚೆನ್ನಾಗಿದೆ ಎಂದು ನಾನು, ನಮ್ಮ ಮನೆಯಲ್ಲಿ ನೀರು ಚೆನ್ನಾಗಿದೆ ಎಂದು ವೀರೇಶಣ್ಣ ವಾದ ಮಾಡಿದೆವು. ಅತ್ತೆ ಸ್ವಲ್ಪ ಹೊತ್ತು ಕೇಳಿ ಎದ್ದರು.

"ನನ್ನ ಕೇಳಬ್ಯಾಡ್ರಿ. ಒಬ್ರಿಗೆ ಹೂಂ ಅಂದ್ರ ಇನ್ನೊಬ್ರಿಗೆ ಬ್ಯಾಸರ ಆಕ್ಕತಿ. ನೀವ ಮಾತಾಡ್ಕೊಳ್ರಿ, ನಾ ಚಾ ಮಾಡ್ತೀನಿ."

ಅತ್ತೆ ಒಳಗೆ ಹೋದಮೇಲೆ ವೀರೇಶಣ್ಣ ರಿಮೋಟು ಚಾಚಿದ. "ತಗೋ ಬಸಣ್ಣ. ಚಾ ಬರೋತನ ಒಂದ್ ಆಟ ಆಡೂನು."

ಟಿವಿಯಲ್ಲಿ ಆಳುಗಳ ಸಾಲು ಬಂತು. ಅದರಲ್ಲಿ ಛತ್ರಿ ಹಿಡಿದ ತಾತನೊಬ್ಬನ ಮುಖದಲ್ಲಿ ಮಾತ್ರ ಸ್ವಲ್ಪ ಮರ್ಯಾದೆ ಕಂಡಿತು. ಅವನನ್ನೇ ಆರಿಸಿಕೊಂಡೆ. ಆಟ ಶುರುವಾಯಿತು. ನಾನು ಬಟನ್ನು ಒತ್ತಿದ ಹಾಗೆಲ್ಲ ಬೆಂಕಿ ಹಾರುತ್ತಿತ್ತು, ಗುದ್ದು ಬೀಳುತ್ತಿತ್ತು. ಇಷ್ಟು ಸುಲಭವೇ ಎಂದುಕೊಂಡೆ. ಆ ಗದ್ದಲದಲ್ಲಿ ಆರಿಸಿದ್ದು ಯಾರನ್ನೆಂಬುದೇ ಮರೆತು, ಬಹಳ ಹೊತ್ತು ಗೂಳಿಯನ್ನೇ ನಾನೆಂದು ತಿಳಿದು ಸಂತೋಷಪಡುತ್ತಿದ್ದೆ. ಕೆಳಗೆ ಬಿದ್ದಿದ್ದ ತಾತ ನಾನು ಎಂದು ಗೊತ್ತಾಗುವಷ್ಟರಲ್ಲಿ ತಾತ ಮೇಲೇಳುವ ಸ್ಥಿತಿಯಲ್ಲಿರಲಿಲ್ಲ.

ವೀರೇಶಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ತಾತನ್ನ ಯಾರೂ ತಗೊಳ್ಳಂಗಿಲ್ಲ ಮಾರಾಯ. ಇಡೀ ಆಟದಾಗ ಅವನಷ್ಟು ಬಡಕಲ ಮತ್ತೊಬ್ಬ ಇಲ್ಲ. ನಿನಗ ಅವನ ಸಿಕ್ಕಾನ ನೋಡು."

ಆ ಕ್ಷಣ ಸುಮ್ಮನಿದ್ದಿದ್ದರೆ ಈ ಕತೆ ಇರುತ್ತಿರಲಿಲ್ಲ. ನಾನು ಎದ್ದು ನಿಂತೆ. "ಇದೇ ತಾತನ್ನ ಹಿಡಕೊಂಡು ನಿಮ್ಮ ಗೂಳಿ ಸೊಕ್ಕು ಮುರೀತೀನಿ ವೀರೇಶಣ್ಣ. ಮುರಿದ್ರ ಅತ್ತೀರು ಸಿಂಧನೂರಿಗೆ. ಇಲ್ಲಾಂದ್ರ ನಿಮ್ಮನಿಗೆ."

"ತಾತನ್ನ ಬದಲಿ ಮಾಡಂಗಿಲ್ಲ ಮತ್ತ."

"ಮಾಡಂಗಿಲ್ಲ."

ಮಾಳಿಗೆ ತೆಗೆಯುವುದಕ್ಕೆ ಮುಂಚಿನ ಭಾನುವಾರ, ಮಸ್ಕಿಯಲ್ಲಿ, ಅತ್ತೆಯ ಮನೆಯ ಟಿವಿಯಲ್ಲೇ ಪಂದ್ಯ ಎಂದು ನಿಗದಿಯಾಯಿತು. ಸದರಿ ಕರಾರು ಸರ್ವಾನುಮತದಿಂದ ಅಂಗೀಕಾರವಾಯಿತು. ಅಂದರೆ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಗಿರಿಜಾ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು: "ನಮ್ಮವ್ವನ್ನ ಜೂಜಿಗೆ ಹಚ್ಚಿದ್ರಿ?"

"ಜೂಜಲ್ಲ, ಸ್ಪರ್ಧೆ" ಎಂದೆ.

"ಆ ರಿಮೋಟು ಯಾವ ಕಡಿ ಹಿಡೀಬೇಕು ಅನ್ನೋದಾದ್ರೂ ಗೊತ್ತಾತೇನು?"

ಗೊತ್ತಾಗಿರಲಿಲ್ಲ. ಅದಕ್ಕಾಗಿಯೇ ಮರುದಿನ ಮೆಹಬೂಬನ ಬಳಿ ಹೋದೆ.

ಮೆಹಬೂಬ ನನ್ನ ಪಕ್ಕದ ಅಂಗಡಿಯವನು, ಹಳೆಯ ಗೆಳೆಯ. ಮುಂದೆ ಮೊಬೈಲ್ ಕವರು ಮಾರುತ್ತಾನೆ. ಹಿಂದಿನ ಕೋಣೆಯಲ್ಲಿ ಇಂಥದೇ ಮಷೀನು ಇಟ್ಟಿದ್ದಾನೆ. ಸಂಜೆ ಕಾಲೇಜು ಹುಡುಗರು ಆಡಲು ಬರುತ್ತಾರೆ. ನನ್ನ ಕತೆ ಕೇಳಿ ಅವನು ಗಂಭೀರನಾದ. ಅವನ ಅಜ್ಜ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದರಂತೆ. ಆ ರಕ್ತ ಕವರು ಮಾರುವುದರಲ್ಲಿ ವ್ಯರ್ಥವಾಗುತ್ತಿತ್ತೆಂದು ತೋರುತ್ತದೆ.

"ಕಲಿಸ್ತೀನಿ. ಆದ್ರ ಈ ಖೋಲಿಯೊಳಗ ನಾ ಮೆಹಬೂಬ ಅಲ್ಲ, ಉಸ್ತಾದ್. ಚಪ್ಪಲ್ ಹೊರಗ ಬಿಡು."

ಚಪ್ಪಲಿ ಹೊರಗೆ ಬಿಟ್ಟೆ.

"ಆಳು ಯಾರು?"

"ಛತ್ರಿ ತಾತ, ಉಸ್ತಾದ್."

ಉಸ್ತಾದ್ ಕಣ್ಣು ಮುಚ್ಚಿದ. "ಯಾ ಅಲ್ಲಾ. ಬ್ಯಾರೆ ಯಾರೂ ಸಿಗಲಿಲ್ಲೇನು ನಿನಗ? ಅವನ ಕೈ ಗಿಡ್ಡ, ನಡಿಗಿ ನಿಧಾನ, ಒಂದ್ ಏಟು ಬಿದ್ರ ಅರ್ಧ ಜೀವ ಖತಂ."

"ಗೆಲ್ಲಾಕ ಆಗಂಗಿಲ್ಲೇನು?"

ಅವನು ಗಡ್ಡ ನೀವಿಕೊಂಡು ಯೋಚಿಸಿದ. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. "ಕಮ್ಜೋರ್ ಆಳಿನ ಆಟ ಬ್ಯಾರೆ ಇರ್ತೈತಿ ಬಸಣ್ಣ. ಗೂಳಿ ಗುದ್ದಾಕ ಬರ್ತಾನ, ನೀ ಛತ್ರಿ ಬಿಚ್ಚಿ ತಡಿ. ಅವ ಬ್ಯಾಸತ್ತು ತಪ್ಪು ಮಾಡ್ತಾನ. ಆಗ ಛತ್ರಿ ತುದಿಲೆ ಕಾಲಿಗೆ ಒಂದು ಚುಚ್ಚು. ಒಂದ ಚುಚ್ಚು, ಮತ್ತ ಹಿಂದ ಸರಿ. ಮ್ಯಾಲ ಗಡಿಯಾರ ಓಡ್ತಿರ್ತೈತಿ. ಟೈಮ್ ಮುಗಿದಾಗ ಯಾರ ಜೀವ ಜಾಸ್ತಿ ಉಳದೈತಿ ಅವ ಗೆದ್ದಂಗ. ಇನ್ನೊಂದು, ಈ ತಾತನ್ನ ಯಾರೂ ಆಡಂಗಿಲ್ಲ. ಅದಕ್ಕ ಅವ ಏನ್ ಮಾಡ್ತಾನ ಅಂತ ನಿನ್ನ ಷಡ್ಡಕಗ ಗೊತ್ತಿರಂಗಿಲ್ಲ. ಅದ ನಿನ್ನ ದೊಡ್ಡ ಶಸ್ತ್ರ. ಸಬೂರ್ ಬೇಕು, ತಾಳ್ಮಿ ಬೇಕು."

"ಮತ್ತ ಈ ಬಟನ್ ಒತ್ತಿದ್ರ ತಾತ ಛತ್ರಿ ಬಿಚ್ಚಿ ಮ್ಯಾಲ ಹಾರ್ತಾನಲ್ಲ ಉಸ್ತಾದ್?"

"ಅದನ್ನ ಮುಟ್ಟಬ್ಯಾಡ" ಎಂದು ಉಸ್ತಾದ್ ನನ್ನ ಕೈಮೇಲೆ ಹೊಡೆದ. "ಹಾರಿದ್ರ ಇಳಿಯೋದು ನಿಧಾನ. ಕೆಳಗ ಗೂಳಿ ಮುಷ್ಟಿ ಎತ್ತಿ ಕಾಯ್ತಿರ್ತಾನ."

ಆದರೆ ಆ ಹಾರುವುದು ಬಹಳ ಚೆಂದವಿತ್ತು. ತಾತ ಛತ್ರಿ ಬಿಚ್ಚಿ, ಗಡ್ಡ ಹಾರಿಸಿಕೊಂಡು, ಆಕಾಶದಿಂದ ಅತಿಥಿಯ ಹಾಗೆ ಇಳಿಯುತ್ತಿದ್ದ. ಉಸ್ತಾದ್ ಚಹಾ ತರಲು ಹೋದಾಗೆಲ್ಲ ನಾನು ಅದನ್ನೇ ಮಾಡುತ್ತಿದ್ದೆ.

ಅಭ್ಯಾಸ ಜೋರಾಗಿ ನಡೆಯಿತು. ನನ್ನ ಹೆಬ್ಬೆರಳು ಬದನೆಕಾಯಿಯ ಹಾಗೆ ಬಾತಿತು. ಗಿರಿಜಾ ಅದಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಗಿರಾಕಿಗಳು ಕೇಳಿದರೆ ಪಂಪಿನ ಹಿಡಿಕೆ ಬಡಿಯಿತು ಎಂದೆ. ನಮ್ಮ ಅಂಗಡಿಯ ಪಂಪು ಕೈ ಮುರಿಯುತ್ತದೆಂದು ಜವಳಗೇರಾದ ತನಕ ಸುದ್ದಿ ಹೋಯಿತು.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಉಸ್ತಾದನ ಪಾಠ ನನ್ನ ಸಂಸಾರಕ್ಕೂ ವ್ಯಾಪಾರಕ್ಕೂ ನುಗ್ಗಿತು. ರೈತರೊಬ್ಬರು ಪಂಪಿಗೆ ಚೌಕಾಸಿ ಮಾಡಲು ಬಂದರು. ಮೊದಲಾದರೆ ನಾನೂ ಮಾತಿಗೆ ಮಾತು ಸೇರಿಸುತ್ತಿದ್ದೆ. ಈಗ ಸುಮ್ಮನೆ ನಿಂತೆ. ಎದುರಾಳಿ ಬೇಸತ್ತು ತಪ್ಪು ಮಾಡಲಿ ಎಂದು ಕಾದೆ. ಅವರು ಒಂದು ಬೆಲೆ ಹೇಳಿದರು, ನಾನು ಮಾತಾಡಲಿಲ್ಲ. ಇನ್ನೊಂದು ಹೇಳಿದರು, ಒಂದು ಹೆಜ್ಜೆ ಹಿಂದೆ ಸರಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆರಾಮಿಲ್ಲೇನ್ರಿ ಬಸಣ್ಣ? ಮನಿಗೆ ಹೋಗಿ ಮಲಕ್ಕೊಳ್ರಿ" ಎಂದು ಕರುಣೆಯಿಂದ ಹೇಳಿ, ಎದುರಿನ ಅಂಗಡಿಯಲ್ಲಿ ಪಂಪು ಕೊಂಡು ಹೋದರು.

ಮನೆಯಲ್ಲಿ ಗಿರಿಜಾ, "ಗ್ಯಾಸ್ ಮುಗದೈತಿ, ಬುಕ್ ಮಾಡಿದ್ರೇನು?" ಎಂದು ಕೇಳಿದಾಗ ನಾನು ಉತ್ತರ ಕೊಡದೆ ಗೋಡೆಯ ಗಡಿಯಾರ ನೋಡಿದೆ. ಟೈಮು ಮುಗಿಯುವ ತನಕ ತಡೆದರೆ ಸಾಕಲ್ಲವೇ. ಅವತ್ತು ಟೈಮು ಮುಗಿಯಲಿಲ್ಲ. ಒಲೆ ಹಚ್ಚದೆ ಅವಳು ಅವಲಕ್ಕಿ ನೆನೆಸಿ ಮುಂದಿಟ್ಟಳು.

ಆದರೂ ಅವಳು ನನ್ನ ಬೆನ್ನಿಗಿದ್ದಳು ಎಂದೇ ನಾನು ನಂಬಿದ್ದೆ. ದಿನಾ ಊಟಕ್ಕೆ ಕೂತಾಗ ಅವತ್ತು ಕಲಿತದ್ದನ್ನು ವಿವರಿಸುತ್ತಿದ್ದೆ. ಚಮಚವನ್ನು ಛತ್ರಿ ಮಾಡಿ, ಚಟ್ನಿ ಡಬ್ಬಿಯನ್ನು ಗೂಳಿ ಮಾಡಿ ತೋರಿಸುತ್ತಿದ್ದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಇಷ್ಟು ಆಸಕ್ತಿಯಿಂದ ಅವಳು ನನ್ನ ಮಾತು ಕೇಳಿದ್ದು ಮದುವೆಯಾದಮೇಲೆ ಅದೇ ಮೊದಲು.

ಪಂದ್ಯದ ಭಾನುವಾರ ಬಂತು. ಗಿರಿಜಾ ಮುಂಜಾನೆಯ ಬಸ್ಸಿಗೆ ಹೋಗಿದ್ದಳು. ನಾನು ಉಸ್ತಾದನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಸ್ಕಿಗೆ ಹೊರಟೆ. ದಾರಿಯುದ್ದಕ್ಕೂ ಅವನು ಬೆನ್ನ ಹಿಂದಿನಿಂದ "ಸಬೂರ್, ಸಬೂರ್" ಎನ್ನುತ್ತಿದ್ದ. ಇದರಿಂದಾಗಿ ನಾನು ಬೈಕನ್ನು ಎಷ್ಟು ನಿಧಾನ ಓಡಿಸಿದೆನೆಂದರೆ ಹುಲ್ಲಿನ ಟ್ರ್ಯಾಕ್ಟರುಗಳು ಹಾರ್ನು ಹೊಡೆದು ನಮ್ಮನ್ನು ದಾಟಿ ಹೋದವು.

ಅತ್ತೆಯ ಮನೆಯಲ್ಲಿ ಅರ್ಧ ಸಾಮಾನು ಆಗಲೇ ಗಂಟು ಕಟ್ಟಿತ್ತು. ತಾನು ತಂದ ಮಷೀನನ್ನು ಟಿವಿಗೆ ಹಚ್ಚಿ, ಮುಂದೆ ಜಮಖಾನೆ ಹಾಸಿ ವೀರೇಶಣ್ಣ ಪದ್ಮಾಸನದಲ್ಲಿ ಕೂತಿದ್ದ. ಸುಮಂಗಲಾ ಅಕ್ಕ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಂದಿಟ್ಟು, "ಆಡ್ರಿ ಆಡ್ರಿ" ಎಂದು ಅಡುಗೆಮನೆಗೆ ಹೋದರು. ಅಲ್ಲಿಂದ ತಾಯಿಮಕ್ಕಳ ಮಾತು, ಪಾತ್ರೆಯ ಸದ್ದು ಕೇಳುತ್ತಿತ್ತು.

ಆಟ ಶುರುವಾಯಿತು. ನಾನು ತಾತನ ಛತ್ರಿ ಬಿಚ್ಚಿ ನಿಂತೆ. ಗೂಳಿ ಬರಲಿ ಎಂದು ಕಾದೆ. ಗೂಳಿ ಬರಲಿಲ್ಲ. ಆ ಕಡೆಯ ತುದಿಯಲ್ಲಿ ಎರಡು ಕೈ ಮುಖಕ್ಕೆ ಅಡ್ಡ ಹಿಡಿದು ಅವನೂ ನಿಂತ. ನಾನು ಕಾದೆ. ಅವನೂ ಕಾದ. ಮೇಲೆ ಗಡಿಯಾರ ಓಡಿತು. ಟೈಮು ಮುಗಿದಾಗ ಇಬ್ಬರ ಜೀವವೂ ತುಂಬಿಕೊಂಡಿತ್ತು. ಇಬ್ಬರೂ ಸಮ ಎಂದು ಆಟ ತೀರ್ಪು ಕೊಟ್ಟಿತು.

ಎರಡನೆಯ ಸುತ್ತೂ ಹಾಗೇ ಆಯಿತು. ನೀರು ಕೊಡಲು ಬಂದ ಅತ್ತೆ ಟಿವಿಯನ್ನೇ ನೋಡಿ ನಿಂತರು.

"ಟಿವಿ ಕೆಟ್ಟೈತೇನ್ರಿ? ಚಿತ್ರ ನಿಂತಬಿಟ್ಟೈತಲ್ಲ."

"ಕೆಟ್ಟಿಲ್ಲ ಅತ್ತಿ. ಬಡಿದಾಡಾಕತ್ತೀವಿ" ಎಂದ ವೀರೇಶಣ್ಣ.

ಅತ್ತೆ ನಂಬದೆ ಒಳಗೆ ಹೋದರು. ನನಗೆ ತಡೆಯಲಾಗಲಿಲ್ಲ. "ಯಾಕ ವೀರೇಶಣ್ಣ, ಗುದ್ದಾಕ ಬರವಲ್ರಿ?"

"ಯಾಕ ಬರ್ಲಿ? ನಾ ಬಂದ್ರ ನೀ ಛತ್ರಿಲೆ ತಡೀತಿ, ಕಾಲಿಗೆ ಚುಚ್ಚಿ ಹಿಂದ ಸರೀತಿ, ಟೈಮ್ ತಿಂತಿ. ಎಲ್ಲಾ ಗೊತ್ತೈತಿ ನನಗ."

"ಯಾರು ಹೇಳಿದ್ರು?"

ವೀರೇಶಣ್ಣ ಅಡುಗೆಮನೆಯ ಕಡೆ ಗದ್ದ ಎತ್ತಿ ತೋರಿಸಿದ. ಗಿರಿಜಾ ದಿನಾ ಅಕ್ಕನಿಗೆ ಫೋನು ಮಾಡುತ್ತಾಳೆ. ನಾನು ಚಮಚ, ಚಟ್ನಿ ಡಬ್ಬಿ ಇಟ್ಟು ವಿವರಿಸಿದ್ದೆಲ್ಲ ಅವತ್ತವತ್ತೇ ಲಿಂಗಸುಗೂರು ತಲುಪಿತ್ತು. ನಾನು ಗಿರಿಜಾಳನ್ನು ಕೂಗಿ ಕೇಳಿದೆ. ಅವಳು ಬಾಗಿಲಿಗೆ ಬಂದು, "ಅಕ್ಕ ಏನ್ ನಡಸ್ಯಾರ ಅಂತ ಕೇಳಿದ್ಳು, ಹೇಳಿದೆ. ಅದರಾಗೇನು ಗುಟ್ಟು ಇತ್ತೇನು?" ಎಂದಳು. ಉಸ್ತಾದ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಊಟಕ್ಕೆ ಹೊತ್ತಾಗುತ್ತಿತ್ತು. ಇದೇ ಕೊನೆಯ ಸುತ್ತು ಎಂದು ಇಬ್ಬರೂ ಒಪ್ಪಿದೆವು. ಮತ್ತೆ ಎರಡು ತುದಿಯಲ್ಲಿ ಇಬ್ಬರೂ ನಿಂತೆವು. ಗಡಿಯಾರ ಅರ್ಧ ದಾಟಿರಬೇಕು. ವೀರೇಶಣ್ಣನ ಕಣ್ಣು ಮಿರ್ಚಿ ತಟ್ಟೆಯ ಕಡೆ ಹೋಯಿತು. ಅದು ಬಿಸಿಯಾಗಿತ್ತು, ಹತ್ತಿರವಿತ್ತು. ಅವನ ಒಂದು ಕೈ ರಿಮೋಟು ಬಿಟ್ಟಿತು.

ತಾತ ನಡೆದ. ನಿಧಾನವಾಗಿಯೇ ನಡೆದ, ಅವನಿಗೆ ಬೇರೆ ನಡಿಗೆ ಗೊತ್ತಿಲ್ಲ. ಹೋಗಿ ಗೂಳಿಯ ಕಾಲಿಗೆ ಒಂದು ಚುಚ್ಚಿ ಹಿಂದೆ ಸರಿದ.

"ಏಯ್, ತಿನ್ನಾಕತ್ತಿದ್ನಲ್ಲೋ" ಎಂದ ವೀರೇಶಣ್ಣ ಬಾಯಿತುಂಬ ಮಿರ್ಚಿ ಇಟ್ಟುಕೊಂಡು.

ಗೂಳಿಯ ಜೀವ ಒಂದು ಎಳೆಯಷ್ಟು ಕಡಿಮೆಯಾಗಿತ್ತು. ಅಷ್ಟು ಸಾಕು. ಈಗ ಗೂಳಿ ಬರಲೇಬೇಕು. ಬಂದ. ಬೆಂಕಿ ಕಾರಿದ, ಗುದ್ದಿದ, ಒದ್ದ. ನಾನು ಛತ್ರಿಯ ಹಿಂದೆ ಅಡಗಿ ಎಲ್ಲವನ್ನೂ ತಡೆದೆ. ಬಾತ ಹೆಬ್ಬೆರಳು ಸಿಡಿಯುತ್ತಿತ್ತು. ಉಸ್ತಾದ್ ನನ್ನ ಕಿವಿಯಲ್ಲಿ "ಹಂಗ ಇರು, ಹಂಗ ಇರು, ಗೆದ್ದಿ" ಎನ್ನುತ್ತಿದ್ದ. ಗಡಿಯಾರದಲ್ಲಿ ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು. ಅತ್ತೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನನ್ನು ಗದರಿಸುತ್ತಿರುವುದು ಕಣ್ಣಿಗೆ ಕಟ್ಟಿತು.

ಆಗ ಅತ್ತೆಯೇ ಹೊರಗೆ ಬಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಟಿವಿ ನೋಡಿದರು.

"ಪಾಪ, ಆ ತಾತ ಬರೇ ಛತ್ರಿ ಹಿಡ್ಕೊಂಡ ನಿಂತಾನಲ್ಲ. ಮಳಿ ಎಲ್ಲೈತ್ರಿ?"

ಎಲ್ಲರೂ ನಕ್ಕರು. ಗಿರಿಜಾ ನಕ್ಕಳು. ಉಸ್ತಾದನೂ ನಕ್ಕ. ನನಗೆ ಎಲ್ಲಿಲ್ಲದ ಅವಮಾನವಾಯಿತು. ಇಷ್ಟು ದಿನ ಬೆರಳಿಗೆ ಬಾವು ಬರಿಸಿಕೊಂಡು ಕಲಿತದ್ದು ಅತ್ತೆಯ ಕಣ್ಣಿಗೆ ಒಬ್ಬ ಮುದುಕ ಮಳೆಗೆ ಹೆದರಿ ನಿಂತಂತೆ ಕಂಡಿತಲ್ಲ. ಒಂದೇ ಒಂದು ಸಲ, ತಾತ ಏನೆಂಬುದನ್ನು ಅವರಿಗೆ ತೋರಿಸಬೇಕೆನಿಸಿತು.

ಹಾರಿದೆ.

ತಾತ ಛತ್ರಿ ಬಿಚ್ಚಿ ಮೇಲೇರಿದ. ಗಡ್ಡ ಹಾರಿತು. "ಅಯ್ಯ, ಚೆಂದ ಹಾರ್ತಾನಲ್ಲ" ಎಂದರು ಅತ್ತೆ. ಆ ಮಾತು ಕೇಳಿ ನನ್ನ ಎದೆ ತುಂಬಿತು. ತಾತ ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯತೊಡಗಿದ. ಕೆಳಗೆ ಗೂಳಿ ಮುಷ್ಟಿ ಎತ್ತಿದ. ವೀರೇಶಣ್ಣನಿಗೆ ಇನ್ನೊಂದು ಮಿರ್ಚಿ ಕಚ್ಚಿ ಅಗಿಯುವಷ್ಟು ಪುರಸೊತ್ತಿತ್ತು. ತಾತ ನೇರ ಬೆಂಕಿಯ ಮೇಲೇ ಬಂದಿಳಿದ.

ಗೂಳಿ ಗೆದ್ದನೆಂದು ಆಟ ತೀರ್ಪು ಕೊಟ್ಟಿತು. ವೀರೇಶಣ್ಣ ಉಸ್ತಾದನ ಕಡೆ ತಿರುಗಿ ಕೇಳಿದ: "ನೀವ ಏನ್ರಿ ಇವನಿಗೆ ಕಲಿಸಿದೋರು?"

"ನಾ ಮೊಬೈಲ್ ಕವರ್ ಮಾರೋನ್ರಿ" ಎಂದ ಮೆಹಬೂಬ. "ಇವರ ಬೈಕಿನ್ಯಾಗ ಸುಮ್ಕ ಬಂದೀನಿ."

ಊಟಕ್ಕೆ ಕೂತೆವು. ನನಗೆ ತುತ್ತು ಇಳಿಯಲಿಲ್ಲ. ವೀರೇಶಣ್ಣ ಒಳ್ಳೆಯವನು, ಗೆದ್ದ ಮಾತು ಎತ್ತದೆ ತನ್ನ ಪಾಲಿನ ಮೊಸರನ್ನು ನನ್ನ ಕಡೆ ಸರಿಸಿದ. ಅದರಿಂದ ಇನ್ನಷ್ಟು ದುಃಖವಾಯಿತು. ಊಟ ಮುಗಿಸಿ ನಾನೇ ಅತ್ತೆಯ ಗಂಟನ್ನು ಎತ್ತಿ, ಲಿಂಗಸುಗೂರಿಗೆ ಹೋಗಲು ವೀರೇಶಣ್ಣ ತಂದಿದ್ದ ಗಾಡಿಯ ಹತ್ತಿರ ಒಯ್ದೆ. ಗಂಡಸಾದವನು ಕೊಟ್ಟ ಮಾತು ಉಳಿಸಿಕೊಳ್ಳಬೇಕು.

"ಅಲ್ಲಿಗ್ಯಾಕ ಒಯ್ತೀರಿ?" ಎಂದು ಅತ್ತೆ ಹಿಂದಿನಿಂದ ಕೂಗಿದರು. "ನಾ ಸಿಂಧನೂರಿಗೆ ಬರಾಕಿ."

ನಾನು ಗಂಟನ್ನು ಹಿಡಿದೇ ನಿಂತೆ. "ಅತ್ತಿ, ನಾ ಸೋತೀನ್ರಿ."

"ಸೋತ್ರ ಸೋಲ್ರಿ. ಅದು ನಿಮ್ಮ ಆಟ. ವೀರೇಶಪ್ಪಗ ಬರೋ ತಿಂಗಳಿಂದ ರಾತ್ರಿ ಪಾಳಿ ಐತಂತ. ಹಗಲು ಮಲಗೋರ ಮನಿಯಾಗ ನಾ ಮುಂಜಾಲೆದ್ದು ರೊಟ್ಟಿ ಬಡೀಲೇನು? ಖಾನಾವಳ್ಯಾಗ ರೊಟ್ಟಿಗೆ ಕಾಯ್ತಿರ್ತಾರ. ಸಿಂಧನೂರಿಂದ ಬಸ್ಸಿಗೆ ಹಾಕಿ ಕಳಿಸ್ತೀನಿ. ನೀವು ಆ ಮಿರ್ಚಿ ತಿನ್ನಾಕ ಕುಂತಾಗ ನಾವು ಮೂವರು ಒಳಗ ಮಾತಾಡಿ ಮುಗಿಸೀವಿ."

"ಮತ್ತ ನಮಗ ಹೇಳ್ಲಿಲ್ಲಲ್ರಿ?" ಎಂದ ವೀರೇಶಣ್ಣ.

"ಇಬ್ರೂ ಖುಷಿಲೆ ಆಡಾಕತ್ತಿದ್ರಿ. ಯಾಕ ಎಬ್ಬಸೋದು ಅಂತ ಬಿಟ್ವಿ" ಎಂದರು ಸುಮಂಗಲಾ ಅಕ್ಕ.

ಅತ್ತೆ ಸಿಂಧನೂರಿಗೆ ಬಂದರು. ನಮ್ಮ ಮನೆಯಲ್ಲಿ ಮುಂಜಾನೆ ಈಗ ರೊಟ್ಟಿ ಬಡಿಯುವ ಸದ್ದಿನಿಂದ ಶುರುವಾಗುತ್ತದೆ. ಬೆರಳಿನ ಬಾವು ಇಳಿಯುವ ತನಕ ನನಗೆ ದಿನಾ ಗದರಿಕೆ ಸಿಕ್ಕಿತು. ನಾನು ಪರಮ ಸುಖಿ. ಸೋತವನ ಮನೆಗೆ ಬಹುಮಾನ ಬಂದದ್ದನ್ನು ಮಾತ್ರ ಯಾರಿಗೂ ವಿವರಿಸಿ ಹೇಳಲು ಬರುವುದಿಲ್ಲ.

ಮೊನ್ನೆ ಸಂಜೆ ಮೆಹಬೂಬ ಮಷೀನು ಹಿಡಿದುಕೊಂಡು ಮನೆಗೆ ಬಂದ. ಆ ಹಾರುವ ತಾತನನ್ನು ಇನ್ನೊಮ್ಮೆ ನೋಡಬೇಕೆಂದು ಅತ್ತೆಯೇ ಹೇಳಿಕಳಿಸಿದ್ದರಂತೆ. ಈ ಸಲ ತಾತನನ್ನು ಮೆಹಬೂಬ ತೆಗೆದುಕೊಂಡ. ನನಗೆ ಬೆಂಕಿ ಗೂಳಿಯನ್ನು ಕೊಟ್ಟ. ಅಂಥ ಗೂಳಿ ಕೈಯಲ್ಲಿರುವಾಗ ಸೋಲುವುದು ಹೇಗೆ ಎಂದು ನಾನು ಧೈರ್ಯವಾಗಿ ಕೂತೆ. ತಾತ ತಡೆದ, ಚುಚ್ಚಿದ, ಸರಿದ. ಮತ್ತೆ ಚುಚ್ಚಿದ. ಗೂಳಿ ನೆಲಕ್ಕೆ ಒರಗಿದ. ಮತ್ತೊಮ್ಮೆ ಆಡೋಣ ಎಂದೆ. ಮತ್ತೊಮ್ಮೆ ಒರಗಿದ.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ನೋಡಿದರು. ಆಮೇಲೆ ಒಂದು ಹರಳನ್ನು ಆರಿಸಿ ಹೊರಗೆ ಎಸೆದು ಹೇಳಿದರು: "ತಾತಂದೇನೂ ತಪ್ಪಿಲ್ಲ ಬಿಡ್ರಿ. ಚಲೋ ಮನಿಶ್ಯಾನ ಅದಾನ. ಅವತ್ತು ಕೈ ಸರಿ ಸಿಕ್ಕಿದ್ದಿಲ್ಲ, ಪಾಪ."

ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು. ನಾನೂ ಸಮಾಧಾನವಾಯಿತೆಂದು ತಲೆಯಾಡಿಸಿದೆ. ಅವರು ಸಮಾಧಾನ ಹೇಳಿದ್ದು ತಾತನಿಗೆ ಎಂದು ತಿಳಿದಾಗ ಗಿರಿಜಾ ಆಗಲೇ ಅಕ್ಕನಿಗೆ ಫೋನು ಹಚ್ಚಿದ್ದಳು.